ಮಾಮಾ ಬರೆದದ್ದು, ನಾ ಬರಕೊಂಡದ್ದು

ಸೊಲ್ಲಾಪುರದ ಕಚೇರಿಯಲ್ಲಿ ನಾನು ಕಾರಕೂನನಾಗಿ ಸೇರಿದ ಮೊದಲ ವರ್ಷಗಳಲ್ಲಿ, ಅಂದರೆ ಇಪ್ಪತ್ತರ ದಶಕ ಮುಗಿಯುತ್ತ ಬಂದಾಗ, ನನ್ನ ಕೆಲಸ ಮಂದಿ ಆಡಿದ್ದನ್ನು ಬರೆದುಕೊಳ್ಳುವುದಾಗಿತ್ತು. ಕಾಗದದ ಮೇಲೆ ನಾನು ಜಮೀನಿನ ದಫ್ತರದವನು. ಆದರೆ ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಓಣಿಯಲ್ಲಿ ನೇಕಾರರ ಮಕ್ಕಳ ಜೊತೆ ಗೋಲಿ ಆಡಿ ಕಲಿತ ತೆಲುಗು, ಹೀಗೆ ಮೂರು ಮಾತು ಬರುತ್ತಿದ್ದುದರಿಂದ ಪೊಲೀಸರು ಸಂಜೆ ಹೊತ್ತು ನನ್ನನ್ನು ಕಡ ಒಯ್ಯುತ್ತಿದ್ದರು. ಊರಿನಲ್ಲಿ ಎಲ್ಲಿ ಸಭೆ ನಡೆದರೂ ವೇದಿಕೆಯ ಬುಡದಲ್ಲಿ ಒಂದು ಸಣ್ಣ ಮೇಜು, ಒಂದು ಸ್ಟೂಲು, ನಾಲ್ಕು ಪೆನ್ಸಿಲು, ನಾನು. ಭಾಷಣಕಾರರು ಸರಕಾರವನ್ನು ಏನೆಂದು ಬೈದರು, ಮಂದಿ ಎಲ್ಲಿ ಚಪ್ಪಾಳೆ ಹೊಡೆದರು, ಎಲ್ಲ ಬರೆದು ಮರುದಿನ ಪೊಲೀಸ್ ಫೌಜದಾರರ ಮುಂದೆ ಇಡಬೇಕು.

ಮಂದಿ ನನಗೆ 'ಸರಕಾರದ ಕಿವಿ' ಅನ್ನುತ್ತಿದ್ದರು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಸಭೆ ಕೂಡಿಸಿದವರು ಚಹಾ ತರಿಸಿದರೆ ಮೊದಲ ಕಪ್ಪು ನನಗೇ. ವಕೀಲರೊಬ್ಬರು ಭಾಷಣದಲ್ಲಿ ಖಡಕ್ ಮಾತೊಂದು ಆಡಿದ ಕೂಡಲೇ ನಿಲ್ಲಿಸಿ, ಕೆಳಗೆ ಬಗ್ಗಿ, "ಸಾಹೇಬ್ರ, ಇದು ಬಂತಿಲ್ರಿ? ಇನ್ನೊಮ್ಮೆ ಹೇಳ್ಲೇನು?" ಎಂದು ಕೇಳುತ್ತಿದ್ದರು. ಇನ್ನೊಬ್ಬರು ಅರಿವೆ ಅಂಗಡಿಯವರು. ತಮ್ಮ ಭಾಷಣಕ್ಕೆ ನಾನು ಎರಡೇ ಸಾಲು ಬರೆದು, ವಕೀಲರದ್ದಕ್ಕೆ ಎರಡು ಪುಟ ತುಂಬಿಸಿದ್ದೇನೆಂದು ಯಾರೋ ಹೇಳಿದ್ದಕ್ಕೆ ಕಚೇರಿಯ ತನಕ ಬಂದು ಜಗಳ ತೆಗೆದರು. "ಯಾಕ್ರಿ, ನಾ ಮಾಡಿದ್ದು ರಾಜದ್ರೋಹ ಅಲ್ಲೇನು? ಅವರದಷ್ಟ ರಾಜದ್ರೋಹ?"

ಇಂಥ ನೆಮ್ಮದಿಯ ನೌಕರಿಯೊಳಗೆ ನಮ್ಮ ಅಕ್ಕನ ಗಂಡ ಬಂದು ನಿಂತರು.

ಅವರು ಅಕ್ಕಲಕೋಟದವರು. ನಾನು ಅವರಿಗೆ ಮಾಮಾ ಅನ್ನುತ್ತಿದ್ದೆ. ಅವರ ಅಣ್ಣಂದಿರು ಕುಂಭಾರಿ ಹತ್ತಿರದ ಹೊಲದಲ್ಲಿ ಜೋಳ ಬೆಳೆಯುತ್ತಿದ್ದರೆ ಇವರೊಬ್ಬರು ಕುಂಚ ಹಿಡಿದು ಮನೆ ಬಿಟ್ಟವರು. ನಾಟಕ ಕಂಪನಿಗಳಿಗೆ ಪಡದೆ ಬರೆಯುವುದು ಅವರ ಕಸುಬು. ಅರಮನೆ, ಕಾಡು, ಬೀದಿ, ಹೂದೋಟ. ಅರಮನೆಯ ಪಡದೆಯಂತೂ ಎಷ್ಟು ನಿಜವಾಗಿತ್ತೆಂದರೆ, ಒಂದು ಕಂಪನಿಯ ರಾಜ ಶೋಕದ ದೃಶ್ಯದಲ್ಲಿ ಮೈಮರೆತು ಬರೆದ ಕಂಬಕ್ಕೆ ಒರಗಲು ಹೋಗಿ ಪಡದೆಸಮೇತ ಹಿಂದಕ್ಕೆ ಬಿದ್ದಿದ್ದ. ಮುಂದೆ ಆ ಕಂಪನಿಯವರು ಅರಮನೆಯೊಳಗೊಂದು ನಿಜವಾದ ಕುರ್ಚಿ ಇಡಲು ಸುರು ಮಾಡಿದರು.

ಮಾಮಾ ಮಾತಾಡುತ್ತಿರಲಿಲ್ಲ. ಮೂಕರೇನಲ್ಲ, ಬಾಯಿ ತೆಗೆಯಲು ಬೇಸರ ಅಷ್ಟೆ. ಹೆಣ್ಣು ನೋಡಲು ನಮ್ಮ ಮನೆಗೆ ಬಂದಾಗ ನಮ್ಮಪ್ಪ, "ತಮ್ಮದು ಉದ್ಯೋಗ ಏನ್ರಿ?" ಎಂದು ಕೇಳಿದ. ಇವರು ಎದ್ದು ಒಲೆಯ ಹತ್ತಿರ ಹೋಗಿ ಒಂದು ಇದ್ದಲಿ ತಂದು, ಪಡಸಾಲೆಯ ಗೋಡೆಯ ಮೇಲೆ ನಮ್ಮಪ್ಪನನ್ನೇ ಬರೆದರು. ಕಿವಿಯ ಕೆಳಗಿನ ಮಚ್ಚೆ ಸುದ್ದಾ ಬಿಟ್ಟಿರಲಿಲ್ಲ. ಅಪ್ಪ ಬಹಳ ಹೊತ್ತು ನೋಡಿ, ಒಳಗೆ ಹೋಗಿ ಅವ್ವನಿಗೆ ಹೇಳಿದ: "ಹುಡುಗಂದು ಮಾತು ಕಮ್ಮಿ. ನಮ್ಮ ಹುಡುಗಿದು ಜಾಸ್ತಿ. ಜೋಡಿ ಬರೋಬ್ಬರಿ ಆಗತೈತಿ."

ಜೋಡಿ ಬರೋಬ್ಬರಿಯೇ ಆಯಿತು. ಏನು ಅಡುಗೆ ಮಾಡಲಿ ಎಂದು ಅಕ್ಕ ಕೇಳಿದರೆ ಮಾಮಾ ನೆಲದ ಮೇಲೆ ಬದನೆಕಾಯಿ ಬರೆಯುವರು. "ಬದನಿಕಾಯಿ ಅನ್ನಾಕ ಬಾಯಿ ನೋಯತೈತೇನ್ರಿ ನಿಮಗ?" ಎಂದು ಅಕ್ಕ ಬೈಯುತ್ತ ಸಾರಿಸುವಳು. ಆದರೆ ಆ ಬದನೆಕಾಯಿಯನ್ನು ಸುತ್ತು ಹಾಕಿ ಸಾರಿಸಿ, ಮಧ್ಯಾಹ್ನದ ತನಕ ಹಾಗೇ ಬಿಟ್ಟಿರುವುದನ್ನು ನಾನೇ ಕಂಡಿದ್ದೇನೆ.

ಇಂಥವರು ರಾಜಕೀಯಕ್ಕೆ ಇಳಿದದ್ದು ಒಂದು ಚಿತ್ರದ ದೆಸೆಯಿಂದ. ಸೊಲ್ಲಾಪುರದ ಒಬ್ಬ ವ್ಯಾಪಾರಿ ಹೊಸ ಮನೆ ಕಟ್ಟಿಸಿ, ದಿವಾನಖಾನೆಗೆ ಒಂದು ದೊಡ್ಡ ಚಿತ್ರ ಬೇಕೆಂದರು. ಏನು ಬರೆಯಬೇಕೆಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಮಾಮಾ ಗಿರಣಿ ಕೆಲಸಗಾರರ ಓಣಿಯೊಳಗೆ ಎಂಟು ದಿವಸ ಕೂತು, ನಳದ ಮುಂದೆ ನೀರಿಗೆ ಪಾಳಿ ಹಚ್ಚಿದ ಹೆಂಗಸರನ್ನು ಬರೆದರು. ಕೊಡ ಬೋರಲು ಹಾಕಿ ಅದರ ಮೇಲೆ ಕೂತ ಬಸುರಿ, ತನ್ನ ಪಾಳಿಯಲ್ಲಿ ಒಂದು ಕಲ್ಲು ಇಟ್ಟು ಗೋಡೆಗೆ ಒರಗಿ ನಿದ್ದೆ ಹೋದ ಮುದುಕಿ, ಎಲ್ಲರೂ ನೋಡುತ್ತಿರುವ ಒಣ ನಳ. ನಾನೂ ಹೋಗಿ ಆ ಚಿತ್ರ ನೋಡಿ ಬಂದಿದ್ದೆ. ನೋಡಿದ ಮೇಲೆ ಎರಡು ದಿನ ನನಗೆ ತಂಬಿಗೆಯಲ್ಲಿ ನೀರು ಉಳಿಸಿ ಚೆಲ್ಲುವ ಮನಸ್ಸಾಗಲಿಲ್ಲ.

ಗೃಹಪ್ರವೇಶಕ್ಕೆ ಊರಿನ ದೊಡ್ಡವರೆಲ್ಲ ಬಂದರು. ಒಬ್ಬರು ಸೀರೆಯ ಬಣ್ಣ ಎಷ್ಟು ಛಂದ ಅಂದರು. ಇನ್ನೊಬ್ಬರು, ಕೊಡದ ಹೊಳಪು ನೋಡ್ರಿ, ಮುಟ್ಟಿದರೆ ತಣ್ಣಗಿರಬೇಕು ಅಂದರು. ಮನೆಯ ಯಜಮಾನಿ, ಆ ಮುದುಕಿಯ ಸೀರೆಯನ್ನು ಸ್ವಲ್ಪ ಹಸಿರು ಮಾಡಿದರೆ ತಮ್ಮ ಗಾದಿಯ ಗವಸಣಿಗೆಗೆ ಹೊಂದುತ್ತದಲ್ಲ ಎಂದು ಕೇಳಿದರು. ಮಾಮಾ ಮೂಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ಊಟಕ್ಕೂ ನಿಲ್ಲದೆ ಅಕ್ಕಲಕೋಟದ ಮೋಟಾರು ಹತ್ತಿದರು.

ಮನೆ ಮುಟ್ಟಿದ ಮೇಲೆ ಅವರು ಮದುವೆಯಾದಾಗಿನಿಂದ ಆಡಿದ ಎಲ್ಲಕ್ಕಿಂತ ಉದ್ದದ ಮಾತು ಆಡಿದರಂತೆ. "ಚಿತ್ರ ನೋಡಿ ಒಬ್ಬರಿಗೂ ನಾಚಿಗಿ ಆಗಲಿಲ್ಲ. ಕುಂಚದಲೆ ಆಗೂ ಕೆಲಸ ಅಲ್ಲ ಇದು. ನಾ ರಾಜಕೀಯಕ್ಕ ಹೋಗಾಂವ. ದೇಶಾನ ಬದಲಿ ಮಾಡಬೇಕು."

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮಾಡ್ರಿ. ಆದ್ರ ರಾಜಕೀಯದಾಗ ಮಾತಾಡಬೇಕಾಗತೈತಂತ. ಅದನ್ನ ಯಾರ ಕಡಿಂದ ಮಾಡಸ್ತೀರಿ?"

ಅಕ್ಕಲಕೋಟದಲ್ಲೇ ರಾಜಕೀಯ ಮಾಡಬಹುದಿತ್ತು. ಆದರೆ ಅದು ಸಂಸ್ಥಾನ. ಇಂಗ್ರೇಜರನ್ನು ಬೈಯಬೇಕೆಂದು ವರ್ಷಗಟ್ಟಲೆ ಕಾದರೂ ಒಬ್ಬ ಇಂಗ್ರೇಜ ಕಣ್ಣಿಗೆ ಬೀಳುವ ಊರಲ್ಲ. ಆದ್ದರಿಂದ ಮಾಮಾ ಒಂದು ಟ್ರಂಕು, ಒಂದು ಸುತ್ತಿದ ಪಡದೆ ಹೊತ್ತುಕೊಂಡು ಸೊಲ್ಲಾಪುರಕ್ಕೆ ಬಂದರು. ಉಳಿಯಲು ಅವರಿಗಿದ್ದ ಜಾಗ ಒಂದೇ, ನನ್ನ ಬಾಡಿಗೆ ಖೋಲಿ.

ನಾನು ಗಾಬರಿಯಾದೆ. "ಮಾಮಾ, ನಾ ಸರಕಾರಿ ಮನಷ್ಯಾ ಇದ್ದೀನ್ರಿ. ಸಭಾದಾಗ ಬರಕೊಳ್ಳಾವ ನಾನ."

ಮಾಮಾ ಟ್ರಂಕು ಕೆಳಗಿಟ್ಟರು. "ಛಲೋ ಆತು," ಅಂದರು. "ನನ್ನ ಅಕ್ಷರ ಸುಮಾರ ಅದಾವ."

ಹೀಗೆ ಸೊಲ್ಲಾಪುರದಲ್ಲಿ ಸರಕಾರದ ಕಿವಿ ಮತ್ತು ಸರಕಾರದ ವೈರಿ ಒಂದೇ ಸೂರಿನ ಕೆಳಗೆ, ಒಂದೇ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿನ್ನತೊಡಗಿದರು. ಎಂಟು ದಿನದಲ್ಲಿ ಅಕ್ಕನೂ ಬಂದಳು. ಇಬ್ಬರು ಗಂಡಸರು ಕೂಡಿ ಹಿಟ್ಟನ್ನು ಎಷ್ಟು ಹಾಳು ಮಾಡುತ್ತಾರೆಂದು ಯಾರೋ ಊರಿಗೆ ಸುದ್ದಿ ಮುಟ್ಟಿಸಿದ್ದರು.

ಮೊದಲ ಸಭೆ ಗಿರಣಿ ಬಿಟ್ಟ ಮೇಲೆ ಒಂದು ಬಯಲಿನಲ್ಲಿ. ಮಾಮಾ ತಾವು ತಂದಿದ್ದ ಹಳೆಯ ಕಾಡಿನ ಪಡದೆಯನ್ನು ವೇದಿಕೆಯ ಹಿಂದೆ ಇಳಿಬಿಟ್ಟಿದ್ದರು. ಅಂದವಾಗಿರಲಿ ಎಂದು ಕಟ್ಟಿದ್ದಷ್ಟೇ. ನಾನು ನನ್ನ ಸ್ಟೂಲಿನ ಮೇಲೆ ಕೂತು ಪೆನ್ಸಿಲು ಚೂಪು ಮಾಡಿಕೊಂಡೆ. ಮಾಮಾ ಎದ್ದು ನಿಂತರು. "ಬಂಧುಗಳೇ," ಅಂದರು. ನಾನು 'ಬಂಧುಗಳೇ' ಎಂದು ಬರೆದುಕೊಂಡೆ. ಆಮೇಲೆ ಏನೂ ಬರಲಿಲ್ಲ.

ಒಂದು ನಿಮಿಷ ಹೋಯಿತು. ಮಂದಿ ಮೊದಲು ಇದು ಗಂಭೀರತೆ ಎಂದು ತಿಳಿದರು. ಎರಡನೆಯ ನಿಮಿಷಕ್ಕೆ ಯಾರೋ ಒಬ್ಬ ಕೆಮ್ಮಿದ. ಮೂರನೆಯ ನಿಮಿಷಕ್ಕೆ ಮಾಮಾನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂತು. ಹೆಂಗಸರ ಸಾಲಿನಲ್ಲಿ ಕೂತಿದ್ದ ಅಕ್ಕ ಮುಖ ಮುಚ್ಚಿಕೊಂಡಳು. ಆಗ ಮಾಮಾ ಜೇಬಿಗೆ ಕೈ ಹಾಕಿ ಒಂದು ಸೀಮೆಸುಣ್ಣ ತೆಗೆದರು. ನಮ್ಮ ಕಡೆ ಅದಕ್ಕೆ ಖಡು ಅನ್ನುತ್ತೇವೆ. ತಿರುಗಿ, ಪಡದೆಯ ಕಾಡಿನ ನಡುವೆ ಕತ್ತಲಿದ್ದ ಜಾಗದಲ್ಲಿ ಗೀಚತೊಡಗಿದರು.

ಮೊದಲು ಒಂದು ಗುಡಿಸಲು ಬಂತು. ಗುಡಿಸಲ ಮೇಲೆ ಬಳ್ಳಿ ಹಬ್ಬಿತು. ಬಳ್ಳಿಗೊಂದು ಕುಂಬಳಕಾಯಿ. ಅದು ದುಂಡಗಾಗುತ್ತ ಆಗುತ್ತ, ಗುಡಿಸಲಿಗಿಂತ ದೊಡ್ಡದಾಗಿ, ಸೂರು ಕೆಳಗೆ ಬಗ್ಗಿತು. ಸೂರಿನ ಕೆಳಗೆ ಒಬ್ಬ ಮನುಷ್ಯ ಎರಡೂ ಕೈ ಮೇಲೆತ್ತಿ ಅದನ್ನು ಆನಿಸಿ ಹಿಡಿದಿದ್ದಾನೆ, ಮತ್ತು ಅವನ ಹೆಂಡತಿ ಅದೇ ಬಳ್ಳಿಯ ಬೇರಿಗೆ ನೀರು ಹನಿಸುತ್ತಿದ್ದಾಳೆ. ಕೊನೆಗೆ ಕುಂಬಳಕಾಯಿಗೆ ಎರಡು ಕಣ್ಣು, ಒಂದು ಮೂಗು, ನೆತ್ತಿಯ ಮೇಲೆ ಸಾಹೇಬರ ಟೋಪಿ.

ಸೊಲ್ಲಾಪುರದ ಸಭೆಯಲ್ಲಿ ನಗು ಯಾವಾಗಲೂ ಕಂತು ಕಂತಾಗಿ ಬರುತ್ತಿತ್ತು. ಮರಾಠಿ ಭಾಷಣವಾದರೆ ಮೊದಲು ಮರಾಠಿಯವರು, ಪಕ್ಕದವರು ಹೇಳಿಕೊಟ್ಟ ಮೇಲೆ ನಮ್ಮವರು, ಕೊನೆಗೆ ತೆಲುಗಿನವರು ನಗುತ್ತಿದ್ದರು. ಅಂದು ಬಯಲು ಪೂರ್ತಿ ಒಂದೇ ಸಲ ನಕ್ಕಿತು. ನಾನೂ ನಕ್ಕೆ. ಪೆನ್ಸಿಲು ಕೆಳಗೆ ಬಿದ್ದು ಮುರಿಯಿತು.

ಮರುದಿನ ಫೌಜದಾರರು ನನ್ನ ವರದಿಯನ್ನು ಎರಡು ಸಲ ಓದಿದರು. ಅವರು ಮರಾಠಿಯವರು, ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ.

"ಏನ್ರೀ ಇದು? 'ಬಂಧುಗಳೇ ಎಂದರು. ಆಮೇಲೆ ಕುಂಬಳಕಾಯಿ.' ಇಷ್ಟೇನಾ?"

"ಅಷ್ಟ ಆಡಿದ್ದು ಸಾಹೇಬ್ರ."

"ಕುಂಬಳಕಾಯಿ ಬಗ್ಗೆ ಏನು ಹೇಳಿದ?"

"ಏನೂ ಹೇಳಲಿಲ್ರಿ. ಬರದ್ರು."

"ಅವರು ಬರೆದದ್ದನ್ನು ನೀವು ಬರೆದುಕೊಳ್ಳಬೇಕೋ ಬೇಡವೋ?" ಎಂದು ಫೌಜದಾರರು ಮೇಜು ಕುಟ್ಟಿದರು. "ಅದರ ನಕಲು ತಯಾರು ಮಾಡಿ ನಾಳೆ ತನ್ನಿ. ಹೇಗಿತ್ತೋ ಹಾಗೆ."

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಸಾಲಿಯಲ್ಲಿ ನಾನು ಬರೆದ ಆಕಳನ್ನು ಮಾಸ್ತರರು ಮಂಚ ಎಂದು ತಿಳಿದು ಅಂಕ ಕೊಟ್ಟಿದ್ದರು. ಆದರೂ ಖೋಲಿಯಲ್ಲಿ ಕೂತು ಒಂದು ಕುಂಬಳಕಾಯಿ ತಯಾರು ಮಾಡಿ ಮರುದಿನ ಒಯ್ದೆ. ಫೌಜದಾರರು ಅದನ್ನು ನೋಡಿದರು. ಅವರ ಮುಖ ಕೆಂಪಾಯಿತು. ಬಾಗಿಲ ಹತ್ತಿರ ನಿಂತಿದ್ದ ಶಿಪಾಯಿ ಹಿಂದಿನಿಂದ ಹಣಿಕಿ ನೋಡಿ, ಥಟ್ಟನೆ ಹೊರಗೆ ಹೋಗಿ ನಗಲು ಸುರು ಮಾಡಿದ. ಆಗ ನಾನೂ ಸರಿಯಾಗಿ ನೋಡಿದೆ. ನನ್ನ ಕೈ ತಪ್ಪಿ ಕುಂಬಳಕಾಯಿಯ ಮೂಗು ಬಲಕ್ಕೆ ವಾಲಿತ್ತು, ಮೂಗಿನ ಕೆಳಗೆ ಮಸಿ ಚೆಲ್ಲಿ ಮೀಸೆಯಾಗಿತ್ತು. ಸಾಕ್ಷಾತ್ ಫೌಜದಾರರು.

"ನನ್ನನ್ನು ಬರೆದಿದ್ದಾನಾ ಅವನು?"

"ಇಲ್ರಿ ಸಾಹೇಬ್ರ, ಅವರು ಬರೀ ಕುಂಬಳಕಾಯಿ ಬರದಿದ್ರು. ನಿಮ್ಮನ್ನ ನಾ ಬರದೀನಿ," ಅಂದೆ. ಅಂದ ಮೇಲೆ ಅದು ಎಂಥ ಮಾತು ಎಂಬುದು ಹೊಳೆಯಿತು. ಇನ್ನೊಂದು ನಕಲು ತರಬೇಕೆಂದು ಹೇಳಿ ನನ್ನನ್ನು ಅಟ್ಟಿದರು.

ಖೋಲಿಗೆ ಬಂದು ಮತ್ತೆ ಗೀಚತೊಡಗಿದೆ. ಅಕ್ಕ ಹೆಗಲ ಮೇಲಿಂದ ನೋಡಿ, "ತಮ್ಮಾ, ಕಲ್ಲಂಗಡಿ ಛಂದ ಬಂದೈತಿ," ಅಂದಳು. ಮಾಮಾಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ನನ್ನ ಒಂದೊಂದು ಗೆರೆಗೂ ಅವರು ಹಲ್ಲುನೋವಿನವರಂತೆ ಮುಖ ಮಾಡುತ್ತಿದ್ದರು. ಕಡೆಗೆ ತಡೆಯದೆ ಪೆನ್ಸಿಲು ಕಸಗೊಂಡರು.

"ಹಿಂಗಲ್ಲೋ. ಕುಂಬಳಕಾಯಿ ಅಂದ್ರ ತೊಟ್ಟಿನಿಂದ ಸುರು ಆಗಬೇಕು. ತೊಟ್ಟಿಗೆ ಭಾರ ಬೀಳಬೇಕು."

"ಮಾಮಾ, ಇದು ನಿಮ್ಮ ಮ್ಯಾಲಿನ ಸಾಕ್ಷಿರಿ. ನೀವ ಬರದ್ರ ಹ್ಯಾಂಗ?"

"ಸಾಕ್ಷಿ ಆದ್ರೂ ಛಂದ ಇರಬೇಕು," ಎಂದು ಮಾಮಾ ಗುಡಿಸಲಿಗೆ ಛಾಯೆ ಕೊಟ್ಟರು. ಬಯಲಿನಲ್ಲಿ ಅವಸರದಿಂದ ಬರೆದಾಗ ಬಿಟ್ಟುಹೋಗಿದ್ದ ಗಲ್ಲವನ್ನು ಈಗ ನಿಧಾನವಾಗಿ ತುಂಬಿಸಿದರು. ನಾನು ಅದನ್ನೇ ಮಡಿಚಿ ಮರುದಿನ ಕೊಟ್ಟೆ. ನನ್ನ ಜೀವನದಲ್ಲಿ ನಾನು ಮಾಡಿದ ಮೂರ್ಖತನಗಳಲ್ಲಿ ಅದಕ್ಕೆ ಮೊದಲ ಜಾಗ ಕೊಡುತ್ತೇನೆ. ಆದರೆ ನಿಜ ಹೇಳಬೇಕೆಂದರೆ ಆ ಚಿತ್ರ ಅಷ್ಟು ಚೆನ್ನಾಗಿತ್ತು, ಅದನ್ನು ಹರಿದು ನನ್ನ ಕಲ್ಲಂಗಡಿ ಒಯ್ಯಲು ಮನಸ್ಸಾಗಲಿಲ್ಲ.

ಫೌಜದಾರರು ಈ ಸಲ ನೋಡಿ ಸೀಟಿ ಹಾಕಿದರು. ಇದು ತಾವಲ್ಲವೆಂದು ಅವರಿಗೆ ಖುಷಿ. ಹಾಗಾದರೆ ಇನ್ಯಾರೋ ದೊಡ್ಡ ಸಾಹೇಬರೇ ಇರಬೇಕೆಂದು ನಿಶ್ಚಯಿಸಿ ಖಟ್ಲೆ ಹಾಕಿಬಿಟ್ಟರು.

ಖಟ್ಲೆಯ ದಿನ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮ್ಯಾಜಿಸ್ಟ್ರೇಟರು ಧಾರವಾಡದ ಕಡೆಯವರು, ಕನ್ನಡದವರು. ಅವರ ಮುಖವನ್ನು ಅಂದಿನವರೆಗೆ ನಾನು ಲಕ್ಷ್ಯಕೊಟ್ಟು ನೋಡಿರಲಿಲ್ಲ. ಅಂದು ಕಿಟಕಿಯ ಬಿಸಿಲು ಅವರ ಮೇಲೆ ಬಿದ್ದಿತ್ತು. ದುಂಡು ಮುಖ, ತುಂಬಿದ ಗಲ್ಲ, ಎದುರಿಗೆ ಮೇಜಿನ ಮೇಲೆ ಅವರು ತೆಗೆದಿಟ್ಟ ಟೋಪಿ. ಮಾಮಾ ಖೋಲಿಯಲ್ಲಿ ಕೂತು ತುಂಬಿಸಿದ ಗಲ್ಲ ನನಗೆ ನೆನಪಾಯಿತು.

ಸರಕಾರಿ ವಕೀಲರು ಸಾಕ್ಷಿಕಟ್ಟೆಯಲ್ಲಿ ನಿಂತ ಫೌಜದಾರರಿಗೆ ಚಿತ್ರ ತೋರಿಸಿ, "ಇದು ಯಾರನ್ನು ಹೋಲುತ್ತದೆ?" ಎಂದು ಕೇಳಿದರು. ಫೌಜದಾರರು ಚಿತ್ರ ನೋಡಿದರು. ಉತ್ತರ ಹೇಳಲು ತಲೆ ಎತ್ತಿದರು. ಎದುರಿಗೇ ಮ್ಯಾಜಿಸ್ಟ್ರೇಟರ ಮುಖ. ಮತ್ತೆ ಚಿತ್ರ ನೋಡಿದರು.

"ಹೇಳ್ರಿ."

"ಒಬ್ಬ ಅಧಿಕಾರಿಯನ್ನು."

"ಯಾವ ಅಧಿಕಾರಿ?"

"ದುಂಡಗಿನ... ಅಂದರೆ ದೊಡ್ಡ ಅಧಿಕಾರಿ."

ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಮ್ಯಾಜಿಸ್ಟ್ರೇಟರು ಕೈ ಚಾಚಿ ಚಿತ್ರ ತರಿಸಿಕೊಂಡರು. ಬಹಳ ಹೊತ್ತು ನೋಡಿದರು. ನೋಡುತ್ತ ನೋಡುತ್ತ ಅವರ ಎಡಗೈ ತನ್ನಷ್ಟಕ್ಕೆ ಮೇಲೆದ್ದು ಗಲ್ಲದ ಹತ್ತಿರ ಬಂತು. ಬಂದದ್ದು ಅರ್ಧದಲ್ಲೇ ನಿಂತಿತು. ಅವರು ಆ ಕೈಯನ್ನು ನಿಧಾನವಾಗಿ ಇಳಿಸಿ ಮೇಜಿನ ಮೇಲಿಟ್ಟರು.

"ನಮ್ಮ ಕನ್ನಡದಾಗ ಒಂದು ಗಾದಿಮಾತು ಐತಿ," ಅಂದರು. "ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡ ಅಂತ. ಈ ಕೋರ್ಟಿನಾಗ ಹೆಗಲ ಮುಟ್ಟಿ ನೋಡಿಕೊಳ್ಳಾವ್ರು ಯಾರರ ಅದಾರೇನು?"

ಕನ್ನಡದವರು ನಕ್ಕರು. ಅವರು ಹೇಳಿಕೊಟ್ಟ ಮೇಲೆ ಮರಾಠಿಯವರು ನಕ್ಕರು. ಮ್ಯಾಜಿಸ್ಟ್ರೇಟರು ತೆಲುಗಿನವರೂ ನಕ್ಕು ಮುಗಿಸುವ ತನಕ ಕಾದು, ಮಾಮಾನ ಕಡೆ ತಿರುಗಿದರು. "ನೀವು ಹೇಳ್ರಿ. ಇದು ಯಾರು?"

"ಕುಂಬಳಕಾಯಿ ರಿ," ಅಂದರು ಮಾಮಾ.

ಆಮೇಲೆ ನನ್ನ ಪಾಳಿ. ಮ್ಯಾಜಿಸ್ಟ್ರೇಟರೇ ಚಿತ್ರವನ್ನು ನನ್ನ ಮುಂದೆ ಹಿಡಿದು, "ಸಭಾದಾಗ ಬರದದ್ದನ್ನ ನೋಡಿ ಈ ನಕಲು ತಯಾರ ಮಾಡಿದವರು ನೀವೇನು?" ಎಂದು ಕೇಳಿದರು. ನಾನು ಆಗಷ್ಟೇ ದೇವರ ಹೆಸರಿನಲ್ಲಿ ಸತ್ಯ ಹೇಳುತ್ತೇನೆಂದು ಹೇಳಿದ್ದೆ. ಹೌದು ಅಂದರೆ ಸುಳ್ಳು. ಅಲ್ಲ ಅಂದರೆ ನೌಕರಿ.

"ನಮ್ಮ ಖೋಲ್ಯಾಗ ತಯಾರ ಆಗೈತ್ರಿ."

"ಯಾರ ಕೈಲೆ?"

ನಾನು ಹೆಂಗಸರ ಕಡೆ ನೋಡಿದೆ. ಅಕ್ಕ ಕೂತಿದ್ದಳು. ಅವಳ ಕಣ್ಣಲ್ಲಿ, ಸುಳ್ಳು ಹೇಳಿದರೆ ಮನೆಗೆ ಬಾ, ನಿನಗಿದೆ ಎಂಬ ಮಾತಿತ್ತು. ನಿಜ ಹೇಳಿದರೂ ಅದೇ ಇತ್ತು.

"ಆರೋಪಿ ಕೈಲೆರಿ," ಅಂದೆ. "ನನಗ ಚಿತ್ರ ಬರಾಂಗಿಲ್ರಿ. ಆರೋಪಿ ನಮ್ಮ ಅಕ್ಕನ ಗಂಡ. ನನ್ನ ಕಷ್ಟ ನೋಡಲಾರದ ಬರದ ಕೊಟ್ರು."

ಸರಕಾರಿ ವಕೀಲರು ಮೆತ್ತಗೆ ಕುರ್ಚಿಯಲ್ಲಿ ಕೂತರು. ಫೌಜದಾರರು ನನ್ನನ್ನು ನೋಡಿದ ರೀತಿಯನ್ನು ಮಾಮಾ ಬರೆಯಬಹುದಿತ್ತು, ನನಗೆ ಸಾಧ್ಯವಿಲ್ಲ.

ಕುಂಬಳಕಾಯಿ ಬಿಡುಗಡೆಯಾಯಿತು. ಆದರೆ ಪರವಾನಗಿ ಇಲ್ಲದೆ ಸಭೆ ಕೂಡಿಸಿದ್ದಕ್ಕೆ ಮಾಮಾಗೆ ದಂಡ ಬಿತ್ತು, ಕಟ್ಟದಿದ್ದರೆ ಒಂದು ತಿಂಗಳು ಜೈಲು. ಮಾಮಾ ಜೈಲೇ ಇರಲಿ ಅಂದರು. ನನ್ನನ್ನು ನೌಕರಿಯಿಂದ ತೆಗೆಯಲಿಲ್ಲ. ತೆಗೆಯಬೇಕಾದರೆ ಕಾರಣ ಬರೆಯಬೇಕಾಗುತ್ತಿತ್ತು, ಕಾರಣ ಬರೆದರೆ ಪೊಲೀಸರ ಸಾಕ್ಷಿಯನ್ನು ಆರೋಪಿಯೇ ತಯಾರಿಸಿದ ಸಂಗತಿ ಮೇಲಿನವರಿಗೆ ಮುಟ್ಟುತ್ತಿತ್ತು. ಸುಮ್ಮನೆ ಜಮೀನಿನ ದಫ್ತರಕ್ಕೆ ತಿರುಗಿ ಕಳಿಸಿದರು. ಸಂಜೆಯ ಚಹಾ ತಪ್ಪಿತು, ಅಷ್ಟೆ.

ಜೈಲಿನಲ್ಲಿ ಮಾಮಾನ ಹತ್ತಿರ ಖಡು, ಇದ್ದಲಿ, ಪೆನ್ಸಿಲು ಏನೂ ಇರದಂತೆ ನೋಡಿಕೊಂಡರು. ಆ ತಿಂಗಳು ಅಲ್ಲಿದ್ದವರು ಹೆಚ್ಚಿನವರು ರಾಜಕೀಯದ ಮಂದಿ. ಮಧ್ಯಾಹ್ನ ಹೊತ್ತು ಹೋಗದೆ ಒಬ್ಬರಾದ ಮೇಲೆ ಒಬ್ಬರು ಭಾಷಣ ಮಾಡುತ್ತಿದ್ದರು. ಪಾಳಿ ಬಂದಾಗ ಯಾರೂ ತಪ್ಪಿಸುವ ಹಾಗಿರಲಿಲ್ಲ. ಮೊದಲ ವಾರ ಮಾಮಾ 'ಬಂಧುಗಳೇ' ದಾಟಲಿಲ್ಲ. ಎರಡನೆಯ ವಾರ ಒಂದು ವಾಕ್ಯ ಮುಗಿಸಿದರು. ಮೂರನೆಯ ವಾರ ಅವರನ್ನು ಹಿಡಿದು ಕೂಡಿಸಲು ಇಬ್ಬರು ಬೇಕಾದರಂತೆ.

ಬಿಡುಗಡೆಯಾಗಿ ಅವರು ಅಕ್ಕಲಕೋಟಕ್ಕೆ ಹೋದ ನಾಲ್ಕನೆಯ ದಿನ ಅಕ್ಕ ನೆರೆಮನೆಯವರ ಕೈಲಿ ನನಗೊಂದು ಕಾಗದ ಬರೆಸಿದಳು. "ತಮ್ಮಾ, ಸರಕಾರ ನನ್ನ ಗಂಡನ್ನ ಅಲ್ಲೇ ಇಟಗೊಂಡು ಬ್ಯಾರೆ ಯಾರನ್ನೋ ಕಳಿಸಿಕೊಟ್ಟೈತಿ. ಏನ ಅಡಗಿ ಮಾಡ್ಲಿ ಅಂತ ಕೇಳಿದ್ನಿ. ಅನ್ನದ ಬಗ್ಗೆ, ರೈತನ ಬಗ್ಗೆ ಭಾಷಣ ಸುರು ಮಾಡಿದ್ರು. ಒಲಿ ಆರಿ ಹೋತು. ಕಡಿಗೂ ಏನ ಬೇಕಂತ ಹೇಳಲಿಲ್ಲ. ಮೊದಲಿನವರು ಸಿಗತಾರೇನು ವಿಚಾರಸು."

ಮೂವತ್ತನೇ ಇಸವಿಯ ಬೇಸಿಗೆಯ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಸೊಲ್ಲಾಪುರದಲ್ಲಿ ಮಿಲಿಟರಿ ಕಾನೂನು ಬಂದ ದಿನಗಳವು. ಅವನ್ನು ನಗುತ್ತ ಹೇಳಲು ನನಗೆ ಬರುವುದಿಲ್ಲ. ಆಗ ಮಾಮಾ ಅಕ್ಕಲಕೋಟದಲ್ಲಿ ಒಂದು ಅಂಗಡಿಯ ಬೋರ್ಡು ಬರೆಯುವಾಗ ನಿಚ್ಚಣಿಕೆಯಿಂದ ಬಿದ್ದು, ಕಾಲು ಮುರಿದುಕೊಂಡು ಹೊರಸಿನ ಮೇಲಿದ್ದರು. ಸೊಲ್ಲಾಪುರದಿಂದ ಬಂದವರು ಯಾರನ್ನು ಹಿಡಿದರು, ಯಾರು ಸಿಗಲಿಲ್ಲ ಎಂದು ಹೇಳಿಹೋಗುವರು. ಒಂದು ದಿನ ಮಾಮಾ ಖಡು ಕೊಡು ಅಂದರಂತೆ. ಅಕ್ಕ ಕೊಟ್ಟು, ಗೋಡೆಯ ಹತ್ತಿರಕ್ಕೆ ಹೊರಸು ಎಳೆದಳು. ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ಏನೂ ಬರೆಯದೆ ತಿರುಗಿ ಕೊಟ್ಟರು. ಆ ದಿನ ಅವರು ಮಾತೂ ಆಡಲಿಲ್ಲ.

ಕಾಲು ಕೂಡಿತು, ಸ್ವಲ್ಪ ಕುಂಟು ಉಳಿಯಿತು. ಐದಾರು ವರ್ಷ ಕಳೆದ ಮೇಲೆ ಅವರು ಸಂಸಾರಸಮೇತ ಸೊಲ್ಲಾಪುರಕ್ಕೆ ಬಂದು, ಗಿರಣಿ ಓಣಿಗಳ ಕಡೆಯಿಂದ ನಗರಸಭೆಯ ಚುನಾವಣೆಗೆ ನಿಂತರು. ಮಂದಿ ಅವರ ಸಭೆಗೆ ಚಿತ್ರ ನೋಡಲು ಬರುತ್ತಿದ್ದರು. ಹೆಂಗಸರು, "ಮಾಮಾ, ಒಂದ ಚಿತ್ರ ತಗೀರಿ," ಎಂದು ಕೂಗಿದರೆ ಇವರು, "ಚಿತ್ರದ ಕಾಲ ಮುಗೀತವ್ವಾ, ಇದು ವಿಚಾರದ ಕಾಲ," ಎಂದು ಒಂದೂವರೆ ತಾಸು ವಿಚಾರ ಹೇಳುವರು. ನಾನು ಈಗ ಬರೆದುಕೊಳ್ಳಬೇಕಾಗಿರಲಿಲ್ಲವಾದ್ದರಿಂದ ನಿದ್ದೆ ಮಾಡಬಹುದಾಗಿತ್ತು. ಆದರೂ ಗೆದ್ದರು. ಎದುರಾಳಿ ಎರಡು ತಾಸು ಮಾತಾಡುತ್ತಿದ್ದ.

ನಗರಸಭೆಯಲ್ಲಿ ಮೊದಲ ವರ್ಷ ಮಾಮಾ ದೇಶದ ಬಗ್ಗೆ ಮಾತಾಡಿದರು. ಉಳಿದ ಸದಸ್ಯರು ನಳ, ದೀಪ, ಸಂತೆಯ ಜಾಗದ ಬಗ್ಗೆ ಮಾತಾಡುತ್ತಿದ್ದುದರಿಂದ ಇವರ ಮಾತು ಯಾರಿಗೂ ತಾಕಲಿಲ್ಲ. ಎರಡನೆಯ ವರ್ಷ ಅವರ ಭಾಗದ ಒಂದು ತಗ್ಗಿನ ಓಣಿಗೆ ಹೊಸ ಗಟಾರ ಕಟ್ಟಿಸುವ ಮಾತು ಬಂತು. ಪ್ರತಿ ಮಳೆಗಾಲದಲ್ಲೂ ಆ ಓಣಿಯವರ ಹೊಸ್ತಿಲ ಒಳಗೆ ನೀರು ಬರುತ್ತಿತ್ತು. ಓವರಸಿಯರು ದೊಡ್ಡ ನಕಾಶೆ ತಂದು ಮೇಜಿನ ಮೇಲೆ ಹಾಸಿದರು. ಸದಸ್ಯರು ಎಲ್ಲರೂ ಬಗ್ಗಿ ನೋಡಿ, ತಿಳಿದವರಂತೆ ಗೋಣು ಹಾಕಿದರು. ಮಾಮಾ ಮಾತ್ರ ನಕಾಶೆಯ ಮೇಲೆ ಬೆರಳಿಟ್ಟು ಗಟಾರದ ಗೆರೆ ಹಿಡಿದು ಹೋದರು.

"ಈ ಗಟಾರ ಏರು ಹತ್ತತೈತಿ," ಅಂದರು.

ಓವರಸಿಯರು ನಕ್ಕರು. "ನೀವು ನಾಟಕದ ಪಡದೆ ಬರಿಯಾವ್ರು. ಇದು ಇಂಜಿನಿಯರಿಂಗ್ ರಿ."

"ಪಡದೆ ಮ್ಯಾಲೆ ಬೀದಿ ಬರಿಯಾಂವಗ ಇಳಿಜಾರು ತಿಳೀದಿದ್ರ ಬೀದಿ ಮುಗಲಿಗೆ ಏರತೈತ್ರಿ. ನಿಮ್ಮ ಗಟಾರ ಹಂಗ ಏರೇತಿ," ಎಂದು ಮಾಮಾ ಸುರು ಮಾಡಿದರು. ಮುಕ್ಕಾಲು ತಾಸು ಮಾತಾಡಿದರು. ಅಧ್ಯಕ್ಷರು ಗಡಿಯಾರ ನೋಡಿದರು. ಇಬ್ಬರು ಸದಸ್ಯರು ಎಲೆಅಡಿಕೆಗೆಂದು ಎದ್ದುಹೋದವರು ತಿರುಗಿ ಬರಲಿಲ್ಲ. ಯಾರಿಗೂ ಏನೂ ತಿಳಿಯಲಿಲ್ಲ. ಕಡೆಗೆ ಮಾಮಾಗೇ ತಮ್ಮ ಮಾತು ಸಾಕಾಗಿ, "ಏಳ್ರಿ, ಹೋಗಿ ನೋಡೋಣ," ಅಂದರು.

ನಗರಸಭೆಯೆಲ್ಲ ಎದ್ದು ಆ ಓಣಿಗೆ ಬಂತು. ಮಾಮಾ ಅಲ್ಲಿದ್ದ ಒಬ್ಬ ಹೆಣ್ಣುಮಗಳಿಗೆ ಕೊಡ ನೀರು ಚೆಲ್ಲಲು ಹೇಳಿದರು. "ನೀರ ತರಾಕ ನೀವ ಹೋಗತೀರೇನ್ರಿ?" ಎಂದು ಅವಳು ಕೇಳಿದಳು. ಹೋಗುತ್ತೇನೆಂದು ಮಾತು ಕೊಟ್ಟ ಮೇಲೆ ಚೆಲ್ಲಿದಳು. ನಕಾಶೆಯ ಪ್ರಕಾರ ನೀರು ಪೂರ್ವಕ್ಕೆ ಹೋಗಬೇಕಿತ್ತು. ಅದು ಒಂದು ಕ್ಷಣ ನಿಂತು ಯೋಚಿಸಿದ ಹಾಗೆ ಮಾಡಿ, ಪಶ್ಚಿಮಕ್ಕೆ ತಿರುಗಿ, ಓವರಸಿಯರ ಹೊಸ ಬೂಟಿನ ಸುತ್ತ ಹರಿದು ಹೋಯಿತು. ಓವರಸಿಯರು ಒಳ್ಳೆಯ ಮನುಷ್ಯ. ಬೂಟು ನೋಡಿದರು, ನಕಾಶೆ ನೋಡಿದರು, ನಕಾಶೆಯನ್ನು ತಲೆಕೆಳಗು ಮಾಡಿ ಹಿಡಿದರು. "ಹೌದ್ರಿ," ಅಂದರು. ಮಾಮಾ ಕುಂಟುತ್ತ ಹೋಗಿ ನಳದಿಂದ ಒಂದು ಕೊಡ ನೀರು ತಂದುಕೊಟ್ಟರು. ಪಾಳಿಯಲ್ಲಿ ನಿಂತು ತರಬೇಕಾದ್ದರಿಂದ ಸಭೆ ಅಂದಿಗೆ ಅಲ್ಲೇ ಮುಗಿಯಿತು.

ಗಟಾರ ಮರುವರ್ಷ ಪಶ್ಚಿಮಕ್ಕೇ ಆಯಿತು. ಮೊದಲ ದೊಡ್ಡ ಮಳೆ ಬಂದ ಮಧ್ಯಾಹ್ನ ಮಾಮಾ ಊಟದಿಂದ ಎದ್ದು, ಛತ್ರಿ ಹಿಡಿದುಕೊಂಡು ಆ ಓಣಿಗೆ ಓಡಿದರು. ಅಕ್ಕ ನನ್ನನ್ನೂ ಎಳೆದುಕೊಂಡು ಹಿಂದೆ ಬಂದಳು. ನಾವು ಮುಟ್ಟುವ ಹೊತ್ತಿಗೆ ಮಾಮಾ ಗಟಾರದ ಪಕ್ಕದಲ್ಲಿ ನಿಂತು, ಮನೆಗಳ ಬಾಗಿಲಲ್ಲಿ ನಿಂತವರಿಗೆ ನೀರು ಯಾಕೆ ಹೀಗೇ ಹರಿಯುತ್ತದೆ, ಹಾಗೆ ಯಾಕೆ ಹರಿಯುವುದಿಲ್ಲ ಎಂದು ವಿವರಿಸುತ್ತಿದ್ದರು. ನೀರು ಕೆಂಪಗೆ, ಅವಸರದಿಂದ, ಯಾರ ಹೊಸ್ತಿಲಿಗೂ ತಾಕದೆ ಹೋಗುತ್ತಿತ್ತು. ಒಂದು ಮನೆಯ ಮುದುಕಿ ಹಿಂದಿನ ವರ್ಷ ಮಳೆಗೆ ಹೆದರಿ ಮಂಚದ ಮೇಲೆ ಎತ್ತಿಟ್ಟಿದ್ದ ಹಿಟ್ಟಿನ ಡಬ್ಬಿಯನ್ನು ಈಗ ನೆಲದ ಮೇಲೆ ಇಟ್ಟುಕೊಂಡು, ಅದರ ಪಕ್ಕದಲ್ಲಿ ಕೂತಿದ್ದಳು.

"ಸಾಕ ಮಾಡ್ರಿ ಸಾಹೇಬ್ರ," ಅಂದಳು ಅವಳು. "ನೀರ ಹೋಗೂದು ನಮಗೂ ಕಾಣತೈತಿ. ಒಳಗ ಬರ್ರಿ, ಚಹಾ ಕುಡೀರಿ."

ಮಾಮಾ ಛತ್ರಿ ಮಡಿಚಿ ಒಳಗೆ ಬಂದು ಕೂತರು. ಬಹಳ ವರ್ಷಗಳ ಮೇಲೆ ಅವರು ಸುಮ್ಮನೆ ಕೂತದ್ದನ್ನು ನಾನು ಕಂಡೆ. ಬಸಿಯಲ್ಲಿ ಚಹಾ ಸುರಿದುಕೊಂಡು, ಊದದೆ, ಹೊರಗಿನ ನೀರು ನೋಡುತ್ತಿದ್ದರು. ಅಕ್ಕ ಅವರನ್ನು ನೋಡುತ್ತಿದ್ದಳು. ಅಷ್ಟರಲ್ಲಿ ಗೋಣಿಚೀಲ ತಲೆಗೆ ಹಾಕಿಕೊಂಡ ಒಬ್ಬ ಗಿರಣಿ ಕೆಲಸಗಾರ ಬಾಗಿಲಿಗೆ ಬಂದು, "ನಮ್ಮ ಓಣ್ಯಾಗ ಮೊಣಕಾಲ ನೀರ ನಿಂತೈತ್ರಿ, ನಮ್ಮ ಗಟಾರ ಯಾವಾಗ?" ಎಂದು ಕೇಳಿದ. ಮಾಮಾ ಬಸಿ ಕೆಳಗಿಟ್ಟು, ಛತ್ರಿಯನ್ನು ಮರೆತು, ಮಳೆಯಲ್ಲೇ ಅವನ ಜೊತೆ ಮಾತಾಡುತ್ತ ಹೊರಟುಹೋದರು.

ಅಕ್ಕ ಆ ಬಸಿಯನ್ನು ತನ್ನ ಕಡೆ ಎಳೆದುಕೊಂಡಳು. "ಚಹಾ ಛಲೋ ಆಗೈತಿ ಯವ್ವಾ," ಎಂದು ಮುದುಕಿಗೆ ಹೇಳಿ, ಅದನ್ನೂ ಕುಡಿದು ಮುಗಿಸಿದಳು.